ಪಡುಗಾಳಿಯೂ ಹಗಲು ಬಲ್ಬೂ

ಸಕಲೇಶಪುರದ ಘಾಟಿ ಅಂಚಿನ ಹಳ್ಳಿಗಳಿಗೆ ವಿದ್ಯುತ್ ಕೊಡುವ ಸೆಕ್ಷನ್ನಿಗೆ ನಾನು ಸೆಕ್ಷನ್ ಆಫೀಸರ್ ಆಗಿ ಬಂದಾಗ ನನ್ನ ನಿವೃತ್ತಿಗೆ ಬಾಕಿಯಿದ್ದದ್ದು ನಾಲ್ಕೇ ವರ್ಷ. ಅದಕ್ಕೆ ಮೊದಲಿನ ನೌಕರಿಯೆಲ್ಲ ಕಳೆದದ್ದು ಅರಸೀಕೆರೆ, ಕಡೂರು ಕಡೆಯ ಬಯಲಿನಲ್ಲಿ. ಅಲ್ಲಿ ಗಾಳಿ ಎಂದರೆ ಬೇಸಿಗೆಯ ಕೊನೆಯಲ್ಲಿ ಒಂದೆರಡು ಸಂಜೆ ಬಂದು, ಧೂಳೆಬ್ಬಿಸಿ, ನಾಲ್ಕು ಕಂಬ ಮಲಗಿಸಿ ಹೋಗುವ ನೆಂಟ. ಸಕಲೇಶಪುರದಲ್ಲಿ ಅದು ನೆಂಟನಲ್ಲ, ಮನೆಯ ಯಜಮಾನ ಎಂದು ಗೊತ್ತಾಗಲು ನನಗೆ ಒಂದು ಮಳೆಗಾಲ ಬೇಕಾಯಿತು. ಆ ಪಾಠಕ್ಕೆ ಒಬ್ಬ ಮನುಷ್ಯನ ಜೀವವೇ ಬೆಲೆಯಾಗಿ ಹೋಗುವುದರಲ್ಲಿತ್ತು. ಹೋಗಲಿಲ್ಲ. ಆ ಋಣವನ್ನು ನೆನೆಯುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜೂನ್ ಬಂತೆಂದರೆ ಅಲ್ಲಿ ಪಡುಗಾಳಿ ಶುರು. ಕಡಲ ಕಡೆಯಿಂದ ಎದ್ದು ಶಿರಾಡಿ ಘಾಟಿ ಹತ್ತಿ ಬರುತ್ತದೆ. ಮಾರನಹಳ್ಳಿಯ ಹತ್ತಿರ ಹೆದ್ದಾರಿಯಲ್ಲಿ ನಿಂತ ಲಾರಿಗಳ ಟಾರ್ಪಾಲನ್ನು ಪಟಪಟ ಬಡಿದು, ಹೆಗ್ಗದ್ದೆಯ ಕಡೆಯ ಗುಡ್ಡಗಳಿಗೆ ಏರಿ, ತೋಟಗಳಲ್ಲಿ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಮರಗಳನ್ನು ಬುಡ ಅಲ್ಲಾಡಿಸಿ ನೋಡುತ್ತದೆ. ಅದೇ ಗಾಳಿ ಆಲೂರಿನ ಕಡೆ ಇಳಿಯುವ ಹೊತ್ತಿಗೆ ಸುಸ್ತಾಗಿ, ಬರೀ ಜಿಟಿಜಿಟಿ ಹನಿ ಉದುರಿಸುವ ಸಾಧು ಆಗಿರುತ್ತದೆ. ದೀಪಾವಳಿ ಕಳೆದ ಮೇಲೆ ದಿಕ್ಕು ಬದಲಾಗಿ ಮೂಡಗಾಳಿ ಬೀಸುತ್ತದೆ. ಅದು ಒಣಗಾಳಿ. ತುಟಿ ಒಡೆಸುತ್ತದೆ, ಕಣದಲ್ಲಿ ಹರಡಿದ ಕಾಫಿ ಒಣಗಿಸಿಕೊಡುತ್ತದೆ.

ಅಲ್ಲಿನ ಜನ ಮನೆ ಕಟ್ಟುವುದೂ ಪಡುಗಾಳಿಯನ್ನು ಕೇಳಿಯೇ. ಪಡುವಣ ಗೋಡೆಗೆ ಕಿಟಕಿ ಇಡುವುದಿಲ್ಲ. ಇಟ್ಟರೂ ಮಳೆಗಾಲದಲ್ಲಿ ತೆರೆಯುವುದಿಲ್ಲ. ಸೌದೆ ಒಟ್ಟುವುದು ಆ ಗೋಡೆಗೇ. ಕೊಟ್ಟಿಗೆಯ ಬಾಗಿಲು ಮೂಡಣಕ್ಕೆ. ಈಗೀಗ ಬಂದ ಜನರೇಟರ್‌ಗೂ ಇದೇ ನ್ಯಾಯ. ಅದರ ಶೆಡ್ಡನ್ನು ಮನೆಯ ಮೂಡಣ ಮಗ್ಗುಲಲ್ಲಿ ಕಟ್ಟುತ್ತಾರೆ, ಹೊಗೆಯೂ ಸದ್ದೂ ಕಣಿವೆಯ ಕಡೆ ಹೊರಟು ಹೋಗಲಿ ಎಂದು. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ನನ್ನ ಕೈಕೆಳಗಿದ್ದ ಲೈನ್‌ಮನ್‌ಗಳಲ್ಲಿ ಹಿರಿಯ ಮಂಜಣ್ಣ. ಆಲೂರು ತಾಲ್ಲೂಕಿನ ಮಗ್ಗೆಯವರು, ಇಪ್ಪತ್ತಾರು ವರ್ಷ ಕಂಬ ಹತ್ತಿದವರು. ನನ್ನ ಬಯಲುಸೀಮೆಯನ್ನು ಹಂಗಿಸುವುದೆಂದರೆ ಅವರಿಗೆ ಕಾಫಿ ಕುಡಿದಷ್ಟು ಖುಷಿ. ಮೊದಲ ಮಳೆಗಾಲದ ಶುರುವಿನಲ್ಲಿ ಒಮ್ಮೆ ನಾನು ಗುಡ್ಡದ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ನೂರು ಅಡಿ ಆಚೆಗಿದ್ದ ಅವರು ತಿರುಗಿ ನೋಡಿರಲಿಲ್ಲ. ಆಮೇಲೆ ಹತ್ತಿರ ಬಂದು ನಗುತ್ತಾ ಹೇಳಿದರು:

“ಗಾಳಿಗೆ ಬೆನ್ನು ಕೊಟ್ಟು ಕೂಗ್ಬೇಕು ಸಾರ್. ಎದುರು ನಿಂತು ಕೂಗಿದ್ರೆ ಮಾತು ತಿರುಗಿ ನಿಮ್ಮ ಬಾಯಿಗೇ ಬಂದು ಬೀಳ್ತೈತೆ.”

ಅಂದರೆ ಪಡುವಣ ದಿಕ್ಕಿನಲ್ಲಿರುವವನ ಮಾತು ಮೂಡಣದವನಿಗೆ ಕೇಳಿಸುತ್ತದೆ, ಮೂಡಣದವನ ಮಾತು ಪಡುವಣದವನಿಗೆ ಕೇಳಿಸುವುದಿಲ್ಲ. ಆದ್ದರಿಂದ ತೋಟದ ಆಳುಗಳು, ಮರ ಕಡಿಯುವವರು ಎಲ್ಲರೂ ಮಳೆಗಾಲದಲ್ಲಿ ಒಂದು ಕಡೆಯಿಂದ ಕೂಗುತ್ತಾರೆ, ಇನ್ನೊಂದು ಕಡೆಯಿಂದ ಬಟ್ಟೆ ಬೀಸುತ್ತಾರೆ. ನಾನು ಇದನ್ನೊಂದು ತಮಾಷೆಯೆಂದು ಕೇಳಿಸಿಕೊಂಡೆನೇ ಹೊರತು ನನ್ನ ಕೆಲಸಕ್ಕೆ ಸಂಬಂಧಿಸಿದ ಸಂಗತಿ ಎಂದು ತಿಳಿಯಲಿಲ್ಲ.

ನಮ್ಮ ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹನ್ನೊಂದು ಸಾವಿರ ವೋಲ್ಟಿನ ತಂತಿಯ ಮೇಲೆ ಕೆಲಸ ಮಾಡುವ ಮೊದಲು ಸಬ್‌ಸ್ಟೇಷನ್‌ನಿಂದ ‘ಲೈನ್ ಕ್ಲಿಯರ್’ ತೆಗೆದುಕೊಳ್ಳುತ್ತೇವೆ. ಅಂದರೆ, ನಾವು ಹೇಳುವ ತನಕ ಆ ತಂತಿಗೆ ವಿದ್ಯುತ್ ಬಿಡುವುದಿಲ್ಲ ಎಂಬ ಬರಹದ ಮಾತು. ಆಮೇಲೆ ಡಿಟೆಕ್ಟರ್ ಹಿಡಿದು ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ನೋಡಿ, ಕೆಲಸದ ಜಾಗದ ಎರಡೂ ಬದಿಯಲ್ಲಿ ತಂತಿಯನ್ನು ನೆಲಕ್ಕೆ ಜೋಡಿಸುತ್ತೇವೆ. ಅದು ಅರ್ಥಿಂಗ್. ಎರಡೂ ಬದಿ ಏಕೆಂದರೆ, ಸಬ್‌ಸ್ಟೇಷನ್ ಬಿಡದಿದ್ದರೂ ವಿದ್ಯುತ್ ಇನ್ನೊಂದು ತುದಿಯಿಂದ ಬರಬಹುದು. ಯಾರೋ ಮನೆಯ ಮೆಯಿನ್ ಸ್ವಿಚ್ ಆಫ್ ಮಾಡದೆ ಜನರೇಟರ್ ಹಚ್ಚಿದರೆ ಆ ವಿದ್ಯುತ್ತು ಟ್ರಾನ್ಸ್‌ಫಾರ್ಮರ್ ಮೂಲಕ ಹಿಮ್ಮುಖವಾಗಿ ಏರಿ, ಮತ್ತೆ ಹನ್ನೊಂದು ಸಾವಿರ ವೋಲ್ಟ್ ಆಗಿ ನಮ್ಮ ತಂತಿಗೆ ಬಂದು ಕೂರುತ್ತದೆ. ನಾವು ಅದನ್ನು ಬ್ಯಾಕ್‌ಫೀಡ್ ಎನ್ನುತ್ತೇವೆ. ಎಷ್ಟೋ ಲೈನ್‌ಮನ್‌ಗಳು ಸತ್ತಿರುವುದು ಅದರಿಂದ.

ಪುಸ್ತಕದಲ್ಲಿರುವ ಈ ನಿಯಮದ ಜೊತೆಗೆ ನಮ್ಮ ಸೆಕ್ಷನ್ನಿನಲ್ಲಿ ಇನ್ನೊಂದು ರೂಢಿಯಿತ್ತು. ಕಂಬ ಹತ್ತುವ ಮೊದಲು ಎಲ್ಲರೂ ಎರಡು ನಿಮಿಷ ಬಾಯಿ ಮುಚ್ಚಿ ನಿಲ್ಲುವುದು. ಎಲ್ಲಾದರೂ ಜನರೇಟರ್ ಸದ್ದು ಕೇಳಿಸುತ್ತದೆಯೇ ಎಂದು ಕಿವಿಗೊಡುವುದು. ಕೇಳಿಸಿದರೆ ಒಬ್ಬರು ಹೋಗಿ ನೋಡಿ ಬರುವುದು. ಮೂಡಗಾಳಿಯ ದಿನಗಳಲ್ಲಿ ಈ ರೂಢಿ ಬಹಳ ಚೆನ್ನಾಗಿ ನಡೆಯುತ್ತದೆ. ಆಗ ಕಣಿವೆಯಾಚೆಯ ಬಸ್ಸು ಗೇರ್ ಬದಲಿಸಿದ್ದೂ ಕೇಳಿಸುತ್ತದೆ. ನಾನು ಆ ಸೆಕ್ಷನ್ನಿಗೆ ಬಂದದ್ದು ಅಂಥ ದಿನಗಳಲ್ಲೇ. ಈ ಕಿವಿಯ ಪರೀಕ್ಷೆ ನನಗೆ ಬಹಳ ಹಿಡಿಸಿಬಿಟ್ಟಿತು.

ಘಟನೆಗೆ ಒಂದು ವಾರ ಮೊದಲು ನಾನು ಹೆಗ್ಗದ್ದೆ ಕಡೆಯ ಒಂದು ಎಸ್ಟೇಟಿಗೆ ಹೋಗಿದ್ದೆ. ತಂತಿಯ ಕಟ್ಟಕಡೆಯ ತುದಿ ಅದು. ಅಲ್ಲಿದ್ದದ್ದು ಒಂದೇ ಟ್ರಾನ್ಸ್‌ಫಾರ್ಮರ್. ಅದರಿಂದ ಕೂಲಿಯವರು ಇರುವ ಲೈನ್ ಮನೆಗಳಿಗೂ, ಪಕ್ಕದ ಒಂದು ಹೋಮ್‌ಸ್ಟೇಗೂ ಸಂಪರ್ಕ. ಮಧ್ಯಾಹ್ನ ಹನ್ನೆರಡಕ್ಕೆ ಲೈನ್ ಮನೆಯ ಸೂರಿನಡಿ ಬಲ್ಬೊಂದು ಉರಿಯುತ್ತಿತ್ತು. ನನಗೆ ಸಿಟ್ಟು ಬಂತು. ಬಯಲುಸೀಮೆಯಲ್ಲಿ ಲೋಡ್‌ಶೆಡ್ಡಿಂಗ್ ಮಾಡಿ ಮಾಡಿ ಬೈಸಿಕೊಂಡವನು ನಾನು. ಹಗಲಲ್ಲಿ ಉರಿಯುವ ದೀಪ ಕಂಡರೆ ನನ್ನ ಮೈ ಉರಿಯುತ್ತದೆ. ಅಲ್ಲಿದ್ದ ಹೆಂಗಸರ ಮೇಸ್ತ್ರಿ ಲಕ್ಕಮ್ಮನನ್ನು ಕರೆದು ಗದರಿಸಿದೆ.

“ಅದು ಹಂಗಲ್ಲ ಸಾ, ಅದು ನಮ್ಗೆ...” ಎಂದು ಆಕೆ ಏನೋ ಹೇಳಲು ಬಂದಳು.

ನಾನು ಕೇಳಿಸಿಕೊಳ್ಳಲಿಲ್ಲ. “ಮುಂದಿನ ಸಲ ಬಂದಾಗ ಹಗಲಲ್ಲಿ ಉರೀತಿದ್ರೆ ಬಲ್ಬ್ ಬಿಚ್ಕೊಂಡು ಹೋಗ್ತೀನಿ” ಎಂದು ಹೇಳಿ ಜೀಪು ಹತ್ತಿದೆ. ಅಧಿಕಾರಿ ಎಂದ ಮೇಲೆ ಇಷ್ಟಾದರೂ ಗತ್ತು ಬೇಡವೇ?

ಮುಂದಿನ ವಾರ, ಜುಲೈ ತಿಂಗಳ ನಡುವೆ, ಪಡುಗಾಳಿ ಮೂರು ದಿನ ಬಿಡದೆ ಬೀಸಿತು. ಮೂರನೆಯ ದಿನ ಬೆಳಿಗ್ಗೆ ಅದೇ ಎಸ್ಟೇಟಿನ ಮೇಲುಗಡೆಯ ದಿಣ್ಣೆಯಲ್ಲಿ ಸಿಲ್ವರ್ ಓಕ್ ಒಂದು ತಂತಿಯ ಮೇಲೆ ಬಿದ್ದು ಮೂರರಲ್ಲಿ ಒಂದು ತಂತಿ ತುಂಡಾಯಿತು. ಲೈನ್ ಕ್ಲಿಯರ್ ತೆಗೆದುಕೊಂಡು ಹತ್ತು ಗಂಟೆಗೆ ನಾವು ಅಲ್ಲಿದ್ದೆವು. ನಾನು, ಮಂಜಣ್ಣ, ಇನ್ನಿಬ್ಬರು ಲೈನ್‌ಮನ್‌ಗಳು, ಜೀಪಿನ ಚಾಲಕ ಯೂಸುಫ್. ಯೂಸುಫ್ ಸಕಲೇಶಪುರ ಪೇಟೆಯವರು. ಅವರ ತಂದೆಯ ಕಾಲದಿಂದ ಮನೆಯಲ್ಲಿ ಲಾರಿ ಇತ್ತು. ನಮ್ಮ ಜೀಪಿಗೆ ಬರುವ ಮೊದಲು ಹದಿನೈದು ವರ್ಷ ತೋಟಗಳಿಂದ ಮರದ ದಿಮ್ಮಿ ಸಾಗಿಸಿದವರು.

ಡಿಟೆಕ್ಟರ್ ಹಿಡಿದು ನೋಡಿದೆವು. ತಂತಿ ಸತ್ತಿತ್ತು. ಸಬ್‌ಸ್ಟೇಷನ್ ಬದಿಗೆ ಅರ್ಥಿಂಗ್ ಹಾಕಿದೆವು. ಇನ್ನೊಂದು ಬದಿಯ ಸೆಟ್ಟು ಜೀಪಿನ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಹಾಕಬೇಕಾದರೆ ಮಂಡಿಯುದ್ದ ಕೆಸರು ದಾಟಿ ಕೆಳಗಿನ ಕಂಬಕ್ಕೆ ಹೋಗಬೇಕಿತ್ತು. “ಆ ಕಡೆ ಇರೋದು ಒಂದೇ ಟ್ರಾನ್ಸ್‌ಫಾರ್ಮರ್, ಬಿಡಿ” ಎಂದೆ. ಹೇಳಿದವನು ನಾನೇ. ಮಂಜಣ್ಣ ಕೇಳಿದ್ದರು, “ಹಾಕ್ಬುಡಣ್ವಾ ಸಾರ್?” ಎಂದು. ಬೇಡ ಎಂದವನು ನಾನು. ಇದನ್ನು ಎಲ್ಲಿ ಹೇಳುವಾಗಲೂ ನಾನು ಮುಚ್ಚಿಟ್ಟಿಲ್ಲ.

ಮರ ಕಡಿದು ಸರಿಸಿ, ತುಂಡಾದ ತಂತಿಯ ಎರಡೂ ತುದಿಗಳನ್ನು ಎಳೆದು ಕಂಬಕ್ಕೆ ಬಿಗಿಯುವಷ್ಟರಲ್ಲಿ ಹನ್ನೊಂದೂವರೆ. ಎರಡು ತುದಿಗಳ ನಡುವೆ ಒಂದು ಜಂಪರ್, ಅಂದರೆ ಒಂದು ಸಣ್ಣ ತುಂಡು ತಂತಿ ಹಾಕುವುದಷ್ಟೇ ಬಾಕಿ. ಆಗ ಗಾಳಿ ಹೇಗೆ ಎದ್ದಿತೆಂದರೆ ಕಂಬವೇ ತೂಗಿತು. ಅಂಥ ಹೊತ್ತಿನಲ್ಲಿ ಕಂಬದ ಮೇಲೆ ಯಾರೂ ಇರಬಾರದು. ಎಲ್ಲರೂ ಇಳಿದು ಜೀಪಿನ ಮರೆಯಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು. ಅರ್ಧ ಗಂಟೆಯ ಮೇಲೆ ಗಾಳಿಯ ಜೋರು ಸ್ವಲ್ಪ ತಗ್ಗಿತು. ಗುಡ್ಡದ ಮೇಲಿನ ಮಂಜೆಲ್ಲ ಗುಡಿಸಿದಂತೆ ಹೋಗಿ ಕೆಳಗಿನ ತೋಟ ಕಾಣಿಸಿತು.

ಎದ್ದು ನಿಂತೆವು. ರೂಢಿಯಂತೆ ಎರಡು ನಿಮಿಷ ಕಿವಿಗೊಟ್ಟೆವು. ಪಡುಗಾಳಿಯ ಭರ್ರೋ ಸದ್ದು ಬಿಟ್ಟರೆ ಏನೂ ಇಲ್ಲ. ಬಿಡುವಾದ ಮೇಲೆ ಮತ್ತೆ ಡಿಟೆಕ್ಟರ್ ಹಿಡಿಯಬೇಕಿತ್ತು. ನಾನು ಕಿವಿಯನ್ನು ನಂಬಿದೆ. “ಹತ್ತಿ ಮಂಜಣ್ಣ, ಐದು ನಿಮಿಷದ ಕೆಲಸ” ಎಂದೆ.

ನಮಗಿಂತ ಇನ್ನೂರು ಮೀಟರ್ ಕೆಳಗೆ, ಮೂಡಣ ಇಳಿಜಾರಿನಲ್ಲಿ, ಹೆಂಗಸರು ಕಾಫಿ ಗಿಡದ ಬೇಡದ ಚಿಗುರು ತೆಗೆಯುತ್ತಿದ್ದರು. ಮಂಜಣ್ಣ ಅರ್ಧ ಕಂಬ ಹತ್ತಿದ್ದಾಗ ಆ ಗುಂಪಿನಿಂದ ಒಬ್ಬಳು ಬಯಲಿಗೆ ಓಡಿ ಬಂದಳು. ಬಾಯಿ ತೆರೆದು ಕೂಗುತ್ತಿರುವುದು ಕಾಣುತ್ತಿತ್ತು, ದನಿ ಇಲ್ಲ. ಆಮೇಲೆ ಮಳೆಗೆಂದು ತಲೆಯ ಮೇಲಿಂದ ಹೊದ್ದಿದ್ದ ನೀಲಿ ಪ್ಲಾಸ್ಟಿಕ್ ಗೊಪ್ಪೆಯನ್ನು ಕಿತ್ತು, ಎರಡೂ ಕೈಯಲ್ಲಿ ಮೇಲೆತ್ತಿ, ನೆಲಕ್ಕೆ ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಗುರುತು ಹಿಡಿದೆ, ಲಕ್ಕಮ್ಮ. ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ. ಇನ್ನು ಸ್ವಲ್ಪ ಹೊತ್ತು ಎಂಬಂತೆ ಕೈ ಬೀಸಿದೆ. ಆಕೆ ಇನ್ನೂ ಜೋರಾಗಿ ಎತ್ತಿ ಇಳಿಸಿದಳು. ಹೆಂಗಸಿಗೆ ಸ್ವಲ್ಪವೂ ತಾಳ್ಮೆಯಿಲ್ಲ ಎಂದು ನಕ್ಕೆ.

ಆ ನಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಯೂಸುಫ್ ನನ್ನ ಹಿಂದೆ, ಪಡುವಣ ಬದಿಯ ಏರಿನಲ್ಲಿ ಜೀಪಿನ ಪಕ್ಕ ನಿಂತಿದ್ದರು. ಮರ ಕಡಿಯುವ ಕಡೆಯೆಲ್ಲ ಓಡಾಡಿದ್ದ ಅವರಿಗೆ ಆ ಬಟ್ಟೆಯ ಮಾತು ಗೊತ್ತಿತ್ತು. ಎತ್ತಿ ನೆಲಕ್ಕೆ ಇಳಿಸಿದರೆ, ಇರುವಲ್ಲೇ ಕೈಬಿಟ್ಟು ಇಳಿ, ಅಪಾಯ ಎಂದು ಅರ್ಥ. ಮರ ಅಡ್ಡದಿಡ್ಡಿ ವಾಲಿದಾಗ ಕೆಳಗಿನವರು ಮೇಲಿನವರಿಗೆ ತೋರಿಸುವ ಸನ್ನೆ ಅದು. ಅವರು ನನ್ನನ್ನು ಕೇಳಲಿಲ್ಲ. ಗಾಳಿಗೆ ಬೆನ್ನು ಕೊಟ್ಟು, ಎರಡು ಕೈ ಬಾಯಿಗೆ ಹಿಡಿದು ಕೂಗಿದರು:

“ಮಂಜಣ್ಣಾ, ಮುಟ್ಬೇಡಾ! ಕೈ ತೆಗಿ! ಇಳೀ!”

ಪಡುಗಾಳಿ ಆ ಮಾತನ್ನು ಒಂದಕ್ಷರವೂ ಚೆಲ್ಲದೆ ಕಂಬದ ತುದಿಗೆ ಮುಟ್ಟಿಸಿತು. ಮಂಜಣ್ಣನ ಕೈ ಮೂಡಣ ಬದಿಯ ತಂತಿಗೆ ಎರಡು ಅಡಿ ದೂರದಲ್ಲಿ ನಿಂತಿತು. ಅವರು ಏಕೆ ಎಂದು ಕೇಳಲಿಲ್ಲ. ಇಪ್ಪತ್ತಾರು ವರ್ಷದ ಅನುಭವ ಎಂದರೆ ಅದೇ. ಮೊದಲು ಇಳಿದರು, ಆಮೇಲೆ “ಏನಾಯ್ತು ಮಾರಾಯಾ?” ಎಂದರು.

ಉದ್ದ ಕೋಲಿಗೆ ಡಿಟೆಕ್ಟರ್ ಕಟ್ಟಿ ಆ ತಂತಿಯ ಹತ್ತಿರ ಹಿಡಿದೆವು. ಕೆಂಪು ದೀಪ ಹತ್ತಿತು. ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಹೋಗುತ್ತಿದ್ದದ್ದು ನನ್ನ ಜೀವವೂ ಅಲ್ಲ. ನನ್ನ ಮಾತು ನಂಬಿ ಹತ್ತಿದ ಇನ್ನೊಬ್ಬನದು.

ಯೂಸುಫ್ ಮತ್ತು ನಾನು ಕೆಳಗೆ ಓಡಿದೆವು. ದಿಣ್ಣೆ ಇಳಿದು ಹೋಮ್‌ಸ್ಟೇಯ ಮೂಡಣ ಮಗ್ಗುಲಿಗೆ ತಿರುಗಿದ ಮೇಲೆಯೇ ಜನರೇಟರ್ ಸದ್ದು ಕಿವಿಗೆ ಬಿದ್ದದ್ದು. ಬಿದ್ದಾಗ ಕಿವುಡಾಗುವಷ್ಟು ಜೋರು! ಅಷ್ಟು ಸದ್ದನ್ನು ಗಾಳಿ ಪೂರ್ತಿ ಕಣಿವೆಯ ಕಡೆ ಹೊತ್ತೊಯ್ಯುತ್ತಿತ್ತು. ಅಲ್ಲಿಯ ಅಡುಗೆಯವನು ನಮ್ಮನ್ನು ಕಂಡು ಗಾಬರಿಯಾದ. ಜನರೇಟರ್ ಹಚ್ಚಿದಾಗ ಮನೆಯನ್ನು ನಮ್ಮ ತಂತಿಯಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ಚು ಸುಟ್ಟು ಹೋಗಿತ್ತಂತೆ. ವಯರನ್ನು ನೇರ ಕೊಟ್ಟು ಮೆಯಿನ್ ಆಫ್ ಮಾಡಿ ಹಚ್ಚುತ್ತಿದ್ದನಂತೆ.

“ಗೆಸ್ಟ್‌ಗಳು ಬಿಸಿನೀರು ಬಿಸಿನೀರು ಅಂತ ಕೂತಿದ್ರು ಸಾರ್. ಆತುರದಲ್ಲಿ ಮೆಯಿನ್ ಆಫ್ ಮಾಡದು ಮರ್ತೇ ಹೋಗ್ಬುಡ್ತು” ಎಂದು ಅತ್ತ.

ಅವನನ್ನು ನಾನು ಬೈಯಲಿಲ್ಲ. ಅವನು ಒಂದು ಸ್ವಿಚ್ಚು ಮರೆತಿದ್ದ, ನಾನು ಪುಸ್ತಕವನ್ನೇ ಮರೆತಿದ್ದೆ. ಜನರೇಟರ್ ನಿಲ್ಲಿಸಿ, ವಯರ್ ಬಿಚ್ಚಿಸಿ, ಲಕ್ಕಮ್ಮ ಇದ್ದಲ್ಲಿಗೆ ಬಂದೆ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಆಕೆ ಕೈ ಎತ್ತಿ ಲೈನ್ ಮನೆಯ ಕಡೆ ತೋರಿಸಿದಳು. ಹೋಮ್‌ಸ್ಟೇಯ ಟ್ರಾನ್ಸ್‌ಫಾರ್ಮರಿನದೇ ಆ ಬಲ್ಬು, ಜನರೇಟರ್ ನಿಲ್ಲಿಸಿದ ಮೇಲೆ ಆರಿ ಸೂರಿನಡಿ ತೂಗಾಡುತ್ತಿತ್ತು.

“ಬಲ್ಬ್ ಹತ್ಕೊಂತು ಸಾ. ಅದು ಹತ್ಕೊಂತು ಅಂದ್ರೆ ಕರೆಂಟ್ ಬಂತು ಅಂತ. ಮೇಲೆ ನೋಡ್ತೀನಿ, ಮನ್ಸ ಕಂಬ ಹತ್ತಾವ್ನೆ. ಕೂಗ್ದೆ, ಕೇಳ್ಲಿಲ್ಲ.”

“ಹಗಲೆಲ್ಲ ಯಾಕೆ ಉರಿಸ್ತೀರಿ ಅಂತ ಅವತ್ತು ಹೇಳ್ಬಾರ್ದಿತ್ತಾ?”

“ಹೇಳಕ್ಕೆ ಬಂದೆ, ನೀವೆಲ್ಲಿ ಬುಟ್ರಿ?” ಎಂದಳು ಲಕ್ಕಮ್ಮ. ಕೊಂಕಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ. “ನೀರಿನ ಮೋಟ್ರು ಹಳ್ಳದತ್ರ ಐತೆ ಸಾ. ಕರೆಂಟ್ ಇದ್ದಾಗ ಓಡೋಗಿ ಹಾಕ್ಬೇಕು. ಈ ಗಾಳೀಲಿ ಯಾರು ಕೂಗಿ ಹೇಳಿದ್ರೂ ತೋಟಕ್ಕೆ ಕೇಳ್ಸಕಿಲ್ಲ. ಅದ್ಕೆ ಒಂದು ಬಲ್ಬ್ ಹಂಗೇ ಬುಟ್ಟಿರ್ತೀವಿ. ಗುಡ್ಡದ ಮೇಲಿಂದ್ಲೂ ಕಾಣ್ತೈತೆ.”

ಗಾಳಿ ಕಿವಿಯನ್ನು ಕಿತ್ತುಕೊಳ್ಳುವ ಊರಿನಲ್ಲಿ ಅವರು ಕಣ್ಣಿಗೊಂದು ವ್ಯವಸ್ಥೆ ಮಾಡಿಕೊಂಡಿದ್ದರು. ನಾನು ಅದನ್ನು ದುಂದು ಎಂದಿದ್ದೆ. ಆಕೆ ನನಗೆ ಹೆದರಿ ಆ ಬಲ್ಬ್ ತೆಗೆದಿದ್ದರೆ? “ನನ್ನ ಮಾತು ಕೇಳದೇ ಇದ್ದದ್ದು ಒಳ್ಳೆಯದಾಯ್ತಮ್ಮಾ” ಎಂದು ಕೈಮುಗಿದೆ. ಆಕೆಗೆ ಸಂಕೋಚವಾಗಿ, “ಅಯ್ಯೋ ಬುಡಿ ಸಾ, ದೊಡ್ಡೋರು” ಎನ್ನುತ್ತಾ ಮತ್ತೆ ಗೊಪ್ಪೆ ಹಾಕಿಕೊಂಡು ಗಿಡಗಳ ಕಡೆ ನಡೆದಳು.

ಮೇಲೆ ಬಂದಾಗ ಮಂಜಣ್ಣ ಡಿಟೆಕ್ಟರಿನ ದೀಪ ಆರಿದ್ದು ನೋಡಿ, ಆಗಲೇ ಕೆಸರು ದಾಟಿ ಕೆಳಗಿನ ಕಂಬಕ್ಕೆ ಎರಡನೆಯ ಅರ್ಥಿಂಗ್ ಹಾಕಿ ಕೂತಿದ್ದರು. ಇವತ್ತಿಗೆ ಸಾಕು, ಬೇರೆಯವರು ಹತ್ತಲಿ ಎಂದೆ.

“ಬ್ಯಾಡ ಸಾರ್. ಈಗ ಹತ್ಲಿಲ್ಲ ಅಂದ್ರೆ ನಾಳೆ ಹತ್ತಕ್ಕೆ ಕಾಲು ಬರಕಿಲ್ಲ” ಎಂದು ಎದ್ದರು. ಈ ಸಲ ನಾನೇ ಡಿಟೆಕ್ಟರ್ ಹಿಡಿದು, ಎರಡು ಸಲ ನೋಡಿ, ಹೂಂ ಎಂದೆ. ಅವರು ಹತ್ತಿ ಜಂಪರ್ ಹಾಕಿ ಇಳಿದರು. ಲೈನ್ ಕ್ಲಿಯರ್ ವಾಪಸ್ ಕೊಟ್ಟೆವು. ಮಧ್ಯಾಹ್ನ ಎರಡು ಗಂಟೆಗೆ ಕೆಳಗೆ ಸೂರಿನಡಿ ಬಲ್ಬು ಹತ್ತಿತು. ನಾವು ಐದೂ ಜನ ಅದನ್ನು ನೋಡುತ್ತಾ ನಿಂತಿದ್ದೆವು.

ಮರುದಿನ ವರದಿ ಬರೆದೆ. ಎರಡನೆಯ ಅರ್ಥಿಂಗ್ ಹಾಕಿಸದೇ ಇದ್ದದ್ದು, ಮರುಪರೀಕ್ಷೆ ಮಾಡದೇ ಇದ್ದದ್ದು, ಎರಡೂ ನನ್ನ ತಪ್ಪು ಎಂದೇ ಬರೆದೆ. ಮೇಲಿನವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ “ಏನೂ ಆಗಿಲ್ಲವಲ್ಲ, ಯಾಕ್ರೀ ಮೈಮೇಲೆ ಎಳ್ಕೋತೀರಿ?” ಎಂದರು. ಏನೂ ಆಗದೇ ಇದ್ದದ್ದು ನನ್ನಿಂದ ಅಲ್ಲ ಎನ್ನುವುದೇ ನನ್ನ ವರದಿ ಎಂದೆ. ವಿವರಣೆ ಕೇಳಿ ನೋಟಿಸ್ ಬಂತು, ಉತ್ತರ ಕೊಟ್ಟೆ, ಒಂದು ಎಚ್ಚರಿಕೆ ಪತ್ರ ಫೈಲಿಗೆ ಸೇರಿತು. ನನ್ನ ನೌಕರಿಯಲ್ಲಿ ಬಂದ ಕಾಗದಗಳಲ್ಲೆಲ್ಲ ನ್ಯಾಯವಾದ ಕಾಗದ ಅದು. ಆ ವರ್ಷದಿಂದ ನಮ್ಮ ಸೆಕ್ಷನ್ನಿನಲ್ಲಿ ಮಳೆಗಾಲಕ್ಕೆ ಮುಂಚೆ ಜನರೇಟರ್ ಇರುವ ಪ್ರತಿ ಮನೆಗೂ ಹೋಗಿ ಚೇಂಜ್‌ಓವರ್ ಸ್ವಿಚ್ ನೋಡಿ ಬರುವುದು ಶುರುವಾಯಿತು. ಕಿವಿಗೊಡುವ ರೂಢಿಯನ್ನು ಬಿಡಿಸಲಿಲ್ಲ. ಆದರೆ ಅದು ಡಿಟೆಕ್ಟರ್ ಹಿಡಿದ ಮೇಲೆ, ಎರಡು ಅರ್ಥಿಂಗ್ ಹಾಕಿದ ಮೇಲೆ. ಯೂಸುಫ್ ಎಲ್ಲರಿಗೂ ಬಟ್ಟೆಯ ಸನ್ನೆಗಳನ್ನು ಕಲಿಸಿದರು. ಮೊದಲ ವಿದ್ಯಾರ್ಥಿ ನಾನೇ.

ನಿವೃತ್ತಿಯ ಕೊನೆಯ ವಾರ ಮಂಜಣ್ಣನ ಜೊತೆ ಆ ಲೈನ್ ಮನೆಗೆ ಹೋದೆ. ಹಗಲು ಹನ್ನೊಂದು, ಬಲ್ಬು ಉರಿಯುತ್ತಿತ್ತು. ಲಕ್ಕಮ್ಮ ನನ್ನನ್ನು ಕಂಡವಳೇ, “ಏನ್ ಸಾ, ಬಲ್ಬ್ ಬಿಚ್ಕೊಂಡು ಹೋಗಕ್ಕೆ ಬಂದ್ರಾ?” ಎಂದು ನಕ್ಕಳು. ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು.

“ಹೌದು ಲಕ್ಕಮ್ಮ, ಬಿಚ್ಚೋಕೇ ಬಂದೆ” ಎಂದೆ. ಬಿಚ್ಚಿದೆ ಕೂಡ. ಜೇಬಿನಲ್ಲಿದ್ದ ಹೊಸ ಎಲ್‌ಇಡಿ ಬಲ್ಬನ್ನು ನನ್ನ ಕೈಯಾರೆ ಅಲ್ಲಿ ಹಾಕಿದೆ. ಹಳೆಯದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ. ಅದು ಈಗಲೂ ನನ್ನ ಮೇಜಿನ ಮೇಲಿದೆ.

ಯಾವುದಾದರೂ ವ್ಯರ್ಥ ಎಂದು ಕಂಡರೆ ಅದನ್ನು ಆರಿಸುವ ಮೊದಲು, ಯಾಕೆ ಹಚ್ಚಿದಿರಿ ಎಂದು ಕೇಳಿ, ಉತ್ತರ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ನನ್ನ ಕೆಲಸ ನನಗೆ ಕಲಿಸಿದ್ದರಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ.

ಮಂಜಣ್ಣ ಇನ್ನೂ ಕೆಲಸದಲ್ಲಿದ್ದಾರೆ. ಪ್ರತಿ ಮಳೆಗಾಲ ಆ ದಿಣ್ಣೆಯಲ್ಲಿ ತಂತಿ ಸರಿಮಾಡಿ ಇಳಿದ ಮೇಲೆ ಅಲ್ಲಿಂದಲೇ ನನಗೆ ಫೋನ್ ಮಾಡುತ್ತಾರೆ. ಫೋನಿನ ತುಂಬ ಗಾಳಿಯ ಸದ್ದು. ಮಾತಿನಲ್ಲಿ ಮುಕ್ಕಾಲು ಪಾಲು ಪಡುಗಾಳಿಗೆ, ಕಾಲು ಪಾಲು ನನಗೆ.

“ಸಾರ್... ಬಲ್ಬ್... ಹತ್ಕೊಂತು...”

ಪೂರ್ತಿ ಕೇಳಿಸುವುದಿಲ್ಲ. ದನಿ ಮಂಜಣ್ಣನದು, ಅಷ್ಟು ಸಾಕು.